ಓಕೆ ಎಂದರೆ ‘ಯಾರೂ ಸತ್ತಿಲ್ಲ’ ಎಂದಲ್ಲ

ಇಂಗ್ಲಿಷಿನ ಪದ ಅಂದಮೇಲೆ ಅದಕ್ಕೊಂದು ‘ಫುಲ್ ಫಾರ್ಮ್’ ಇರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಶಾಲೆಯ ಕ್ವಿಜ್‌ಗಳಲ್ಲಿ, ಬೆಳಗಾದರೆ ಬಂದು ಬೀಳುವ ವಾಟ್ಸ್ಆ್ಯಪ್ ಫಾರ್ವರ್ಡುಗಳಲ್ಲಿ ಅದೇ ಪಟ್ಟಿ ಸುತ್ತುತ್ತಿರುತ್ತದೆ. ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತೆ. ಪೆನ್ ಎಂದರೆ ಪವರ್ ಎನ್‌ರಿಚ್ಡ್ ಇನ್ ನಿಬ್ ಅಂತೆ. ಜೋಕ್ ಎಂದರೆ ಜಾಯ್ ಆಫ್ ಕಿಡ್ಸ್ ಎಂಟರ್‌ಟೇನ್‌ಮೆಂಟ್ ಅಂತೆ. ಒಂದೂ ನಿಜವಲ್ಲ. ಪೆನ್ ಬಂದದ್ದು ಲ್ಯಾಟಿನ್ನಿನ ‘ಪೆನ್ನಾ’ದಿಂದ, ಅಂದರೆ ಹಕ್ಕಿಯ ಗರಿಯಿಂದ, ಗರಿಯನ್ನೇ ಚೂಪು ಮಾಡಿ ಬರೆಯುತ್ತಿದ್ದ ಕಾಲದ ಹೆಸರು ಅದು. ಜೋಕ್‌ನ ಮೂಲ ಲ್ಯಾಟಿನ್ನಿನದೇ ‘ಜೋಕಸ್’. ನ್ಯೂಸ್ ಎಂಬುದು ‘ನ್ಯೂ’ ಎಂಬ ಗುಣವಾಚಕದ ಬಹುವಚನ, ಹೊಸವು ಎಂದಷ್ಟೇ ಅರ್ಥ. ಫ್ರೆಂಚರ ‘ನುವೆಲ್’ ಎಂಬ ಸುದ್ದಿವಾಚಕವೂ ಹೀಗೆಯೇ ಆದದ್ದು. ದಿಕ್ಕುಗಳ ಮೊದಲಕ್ಷರ ಜೋಡಿಸಿದರೆ ಫ್ರೆಂಚಿನಲ್ಲಿ ಅಂಥ ಪದವೇನೂ ಹುಟ್ಟುವುದಿಲ್ಲ.

ಮೊದಲಕ್ಷರಗಳನ್ನು ಸೇರಿಸಿ, ಅದನ್ನೇ ಒಂದು ಪದದಂತೆ ಉಚ್ಚರಿಸುವ ಚಾಳಿ ಇಂಗ್ಲಿಷಿನಲ್ಲಿ ಹರಡಿದ್ದು 20ನೇ ಶತಮಾನದಲ್ಲಿ. ರಾಡಾರ್, ಲೇಸರ್ ಈ ಬಗೆಯವು. ಅಂಥ ಪದಗಳಿಗೆ ಇಟ್ಟ ‘ಅಕ್ರೊನಿಮ್’ ಎಂಬ ಹೆಸರೇ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ನೂರಾರು ವರ್ಷ ಹಿಂದಿನ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ತಕ್ಷಣ ಅನುಮಾನಪಡುವುದು ಒಳ್ಳೆಯದು.

ಹಾಗೆ ಅನುಮಾನಪಡುವವರು ಓಕೆಯ ಬಳಿ ಬಂದಾಗ ಮಾತ್ರ ಸ್ವಲ್ಪ ತಡೆಯಬೇಕು. ಅದು ನಿಜಕ್ಕೂ ಹ್ರಸ್ವರೂಪವೇ. ಆದರೆ ನಮಗೆ ಹೇಳಿಕೊಟ್ಟದ್ದರ ಹ್ರಸ್ವರೂಪವಲ್ಲ.

ನಮ್ಮಲ್ಲಿ ಹೆಚ್ಚು ಓಡಾಡುವ ಕಥೆ ‘ಝೀರೋ ಕಿಲ್ಡ್’. ಅಮೆರಿಕದ ಅಂತರ್ಯುದ್ಧದಲ್ಲಿ ಪಡೆಯೊಂದು ಸಾವಿಲ್ಲದೆ ಹಿಂತಿರುಗಿದರೆ ಸೊನ್ನೆ ಬರೆದು ಪಕ್ಕದಲ್ಲಿ ಕೆ ಬರೆಯುತ್ತಿದ್ದರು, ಅದೇ ಓಕೆ ಆಯಿತು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ಮೈ ಜುಮ್ಮೆನ್ನುತ್ತದೆ ಕೂಡ. ಆ ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಓಕೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1839ರ ಮಾರ್ಚ್ 23ರಂದು. ಯುದ್ಧದ ಸೈನಿಕರಿಗೆ ಬಿಸ್ಕತ್ತು ಒದಗಿಸಿದವನ ಹೆಸರಿನ ಮೊದಲಕ್ಷರಗಳಿವು ಎಂಬ ಇನ್ನೊಂದು ಕಥೆಯೂ ಇದೇ ತಾರೀಖಿಗೆ ಬಡಿದು ಬಿದ್ದುಹೋಗುತ್ತದೆ.

ಆ ತಾರೀಖನ್ನು ಹುಡುಕಿ ತೆಗೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಭಾಷಾ ವಿದ್ವಾಂಸ ಅಲೆನ್ ವಾಕರ್ ರೀಡ್. 1941ರಲ್ಲಿಯೇ ಅವರು ಓಕೆಯ ಜಾಡನ್ನು 1840ರವರೆಗೆ ಒಯ್ದು ನಿಲ್ಲಿಸಿದ್ದರು. ಅಷ್ಟಕ್ಕೆ ಸುಮ್ಮನಾಗದೆ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1963–64ರಲ್ಲಿ ‘ಅಮೆರಿಕನ್ ಸ್ಪೀಚ್’ ನಿಯತಕಾಲಿಕದಲ್ಲಿ ಸಾಲು ಲೇಖನಗಳನ್ನು ಬರೆದರು. ಆಗ ಬೆಳಕಿಗೆ ಬಂದದ್ದು ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಎಂಬ ಪತ್ರಿಕೆಯ ಒಂದು ತುಂಟ ಟಿಪ್ಪಣಿ. ಅದರ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಪಕ್ಕದ ಪ್ರಾವಿಡೆನ್ಸ್ ಊರಿನ ಪತ್ರಿಕೆಯನ್ನು ಕಿಚಾಯಿಸುವ ಆ ಬರಹದಲ್ಲಿ ‘ಓ.ಕೆ.’ ಎಂದು ಬರೆದು, ಜೊತೆಗೇ ‘ಆಲ್ ಕರೆಕ್ಟ್’ ಎಂದು ಅರ್ಥವನ್ನೂ ಕೊಟ್ಟಿದ್ದರು.

ಆಲ್ ಕರೆಕ್ಟ್‌ಗೆ ಎ.ಸಿ. ಆಗಬೇಕಿತ್ತಲ್ಲ? ತಮಾಷೆ ಇರುವುದೇ ಅಲ್ಲಿ. 1838–39ರ ಸುಮಾರಿಗೆ ಬಾಸ್ಟನ್ನಿನ ಪತ್ರಕರ್ತರಿಗೆ ಒಂದು ಗೀಳು ಹಿಡಿದಿತ್ತು. ಮಾತನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದುಕೊಂಡು, ಆ ತಪ್ಪಿನ ಮೊದಲಕ್ಷರಗಳನ್ನು ಮಾತ್ರ ಅಚ್ಚು ಹಾಕುವುದು. ಆಲ್ ರೈಟ್ ಎನ್ನಲು ಓ.ಡಬ್ಲ್ಯು., ನೋ ಯೂಸ್ ಎನ್ನಲು ಕೆ.ವೈ. ಇವೆಲ್ಲ ಓಕೆಯ ಒಡಹುಟ್ಟುಗಳು. ‘ಎಲ್ಲ ಸರಿಯಾಗಿದೆ’ ಎನ್ನುವ ಮಾತಿನಲ್ಲಿ ಎರಡೂ ಅಕ್ಷರ ತಪ್ಪಿರುವುದೇ ನಗೆಯ ಗುಟ್ಟು. ಇಂದಿನ ಹುಡುಗರು ಮೆಸೇಜಿನಲ್ಲಿ ಸ್ಪೆಲ್ಲಿಂಗ್ ಹಾಳು ಮಾಡುತ್ತಾರೆಂದು ಗೊಣಗುವ ಮೇಷ್ಟ್ರುಗಳು ಗ್ರೀನ್ ಸಾಹೇಬರನ್ನು ಏನೆನ್ನುತ್ತಿದ್ದರೋ!

ಒಡಹುಟ್ಟುಗಳೆಲ್ಲ ಕೆಲವೇ ವರ್ಷಗಳಲ್ಲಿ ಮಾಯವಾದರೂ ಓಕೆ ಉಳಿದದ್ದು ಚುನಾವಣೆಯ ದೆಸೆಯಿಂದ. 1840ರಲ್ಲಿ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ಕಣಕ್ಕಿಳಿದರು. ಅವರ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು ಓಕೆಗೆ ಹೇಳಿ ಮಾಡಿಸಿದಂತಿತ್ತು. ಬೆಂಬಲಿಗರು ಓ.ಕೆ. ಕ್ಲಬ್ ಕಟ್ಟಿಕೊಂಡರು. ಎದುರಾಳಿಗಳು ಬಿಟ್ಟಾರೆಯೇ? ಅದೇ ಎರಡಕ್ಷರಕ್ಕೆ ಅಣಕದ ವಿಸ್ತರಣೆಗಳನ್ನು ಹೊಸೆದರು. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತವೇ ಬಾರದು, ಆಲ್ ಕರೆಕ್ಟ್ ಬರೆಯಲು ಹೋಗಿ ಕಡತಗಳ ಮೇಲೆ ಓ.ಕೆ. ಎಂದು ಗೀಚುತ್ತಿದ್ದ ಎಂಬ ಕಥೆಯನ್ನು ತೇಲಿಬಿಟ್ಟದ್ದೂ ಆ ಚುನಾವಣೆಯ ಕಾಲದಲ್ಲೇ, ನ್ಯೂಯಾರ್ಕಿನ ಪತ್ರಿಕೆಯೊಂದರ ಮೂಲಕ. ಅಂದರೆ ಓಕೆಗೆ ಫುಲ್ ಫಾರ್ಮ್ ಕಟ್ಟುವ ಚಟಕ್ಕೆ ಓಕೆಯಷ್ಟೇ ವಯಸ್ಸು. ನಮ್ಮ ಫಾರ್ವರ್ಡು ವೀರರು ತೀರ ಹೊಸಬರೇನಲ್ಲ. ವ್ಯಾನ್ ಬ್ಯೂರನ್ ಸೋತರು. ಪದ ಗೆದ್ದಿತು.

ಜಾಕ್ಸನ್ ಕಥೆಗೆ ಆಮೇಲೆ ‘ಸಾಕ್ಷಿ’ಯೂ ದೊರೆಯಿತು. 1790ರ ಟೆನೆಸ್ಸೀ ನ್ಯಾಯಾಲಯದ ದಾಖಲೆಯೊಂದರಲ್ಲಿ ಜಾಕ್ಸನ್ ಹೆಸರೂ ಇದೆ, ಓ.ಕೆ.ಯೂ ಇದೆ ಎಂದರು. ಸೂಕ್ಷ್ಮವಾಗಿ ನೋಡಿದಾಗ ಅದು ಓ.ಆರ್., ಅಂದರೆ ದಾಖಲಿಸಲು ಆಜ್ಞೆಯಾಗಿದೆ ಎಂಬ ಗುಮಾಸ್ತರ ಮಾಮೂಲಿ ಷರಾ. ಹಳೆಯ ಮೋಡಿ ಬರಹದಲ್ಲಿ ಆರ್ ಅಕ್ಷರ ಕೆ ಹಾಗೆ ಕಂಡಿತ್ತು.

ಬೇರೆ ಭಾಷೆಗಳಿಂದ ಬಂತೆನ್ನುವ ವಾದಗಳಿಗೂ ಕೊರತೆಯಿಲ್ಲ. ಗ್ರೀಕರಿಗೆ ‘ಓಲಾ ಕಲಾ’ ಇದೆ, ಎಲ್ಲ ಚೆನ್ನಾಗಿದೆ ಎಂದು ಅರ್ಥ. ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯ ಹೌದೆನ್ನುವ ಮಾತನ್ನು ತೋರಿಸಿದ ವಿದ್ವಾಂಸರಿದ್ದಾರೆ. ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ ಭಾಷೆಯಲ್ಲಿ ‘ಓಕೆ’ಯಂಥದೇ ಸದ್ದಿನ ಪದ ಹೌದು, ಹಾಗೆಯೇ ಎಂಬ ಅರ್ಥ ಕೊಡುತ್ತದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಇದನ್ನೇ ನಂಬಿ, ಕಾಗದಪತ್ರಗಳ ಮೇಲೆ ಒಪ್ಪಿಗೆ ಬರೆಯುವಾಗ ಕೊನೆಗೊಂದು ಎಚ್ ಸೇರಿಸಿ ‘ಓಕೆಹ್’ ಎಂದೇ ಬರೆಯುತ್ತಿದ್ದರು. ಚಾಕ್ಟಾ, ವೊಲೊಫ್ ವಾದಗಳನ್ನು ಝೀರೋ ಕಿಲ್ಡ್ ಜೊತೆ ಒಂದೇ ಚೀಲಕ್ಕೆ ಹಾಕುವುದು ನ್ಯಾಯವಲ್ಲ, ಆ ಪದಗಳು ನಿಜವಾಗಿಯೂ ಇವೆ. ಆದರೆ ಸದ್ದು ಹೋಲಿದರೆ ಸಾಲದು. ಆ ಭಾಷೆಯಿಂದ ಬಾಸ್ಟನ್ನಿನ ಅಚ್ಚುಕೂಟದವರೆಗೆ ಹೆಜ್ಜೆಗುರುತು ಸಿಗಬೇಕು. ರೀಡ್ ಅವರ ಬಳಿ ಅಚ್ಚಾದ ಹಾಳೆಗಳಿವೆ, ಒಂದಾದ ಮೇಲೊಂದು.

ಮುಂದೆ ತಂತಿ ಬಂತು. ಸಂದೇಶ ಸರಿಯಾಗಿ ಮುಟ್ಟಿತೆಂದು ತಿಳಿಸಲು ಎರಡಕ್ಷರ ಸಾಕಾದದ್ದು ತಂತಿ ಗುಮಾಸ್ತರಿಗೆ ವರವಾಯಿತು. ಲೋಕವೆಲ್ಲ ಸುತ್ತಿದ ಪದ ಕನ್ನಡದಲ್ಲಿ ತನ್ನದೇ ಸಂಸಾರ ಹೂಡಿದೆ. ಸಾಹೇಬರು ಫೈಲ್ ಓಕೆ ಮಾಡುತ್ತಾರೆ, ಹುಡುಗ ಓಕೆ ಆಗುತ್ತಾನೆ. ಎರಡು ಸಲ ಹೇಳಿ ‘ಸಿನಿಮಾ ಓಕೆ ಓಕೆ’ ಎಂದರೆ ಮಾತ್ರ ಟಿಕೆಟ್ ದುಡ್ಡು ದಂಡ ಎಂದು ತಿಳಿಯಬೇಕು.

ಲಾರಿಗಳ ಹಿಂದಿನ ‘ಹಾರ್ನ್ ಓಕೆ ಪ್ಲೀಸ್’ ಬಗ್ಗೆಯೂ ಪುರಾಣಗಳಿವೆ. ಎರಡನೇ ಮಹಾಯುದ್ಧದಲ್ಲಿ ಡೀಸೆಲ್ ಸಾಲದೆ ಲಾರಿಗಳು ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು, ‘ಆನ್ ಕೆರೋಸಿನ್’ ಎಂದು ಹಿಂದಿನವರಿಗೆ ಎಚ್ಚರಿಸಲು ಓಕೆ ಬರೆದರು ಎಂಬುದು ಒಂದು. ಓಕೆ ಎಂಬ ಸಾಬೂನಿನ ಜಾಹೀರಾತು ಎಂಬುದು ಇನ್ನೊಂದು. ಯುದ್ಧಕಾಲದ ಒಂದು ಫೋಟೊವನ್ನಾಗಲಿ ಸುತ್ತೋಲೆಯನ್ನಾಗಲಿ ಮುಂದಿಡದೆ ಹೇಳುವ ಇಂಥ ಮಾತನ್ನು ಕಥೆಯೆಂದೇ ಕೇಳಬೇಕು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಆ ಬರಹವನ್ನು ವಾಣಿಜ್ಯ ವಾಹನಗಳ ಮೇಲೆ ನಿಷೇಧಿಸಿತು. ಸರ್ಕಾರದ ತಕರಾರು ಇದ್ದದ್ದು ಹಾರ್ನ್ ಮೇಲೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯಲು ಅದು ಕುಮ್ಮಕ್ಕು ಕೊಡುತ್ತದೆ ಎಂದಿತು. ನಡುವಿನ ಓಕೆ ಅಲ್ಲಿ ಏನು ಮಾಡುತ್ತಿದೆ ಎಂದು ಸಾರಿಗೆ ಇಲಾಖೆಯೂ ಕೇಳಲಿಲ್ಲ.