ಹಾರ್ಡ್ ಡಿಸ್ಕಿನ ವಿಭಾಗಗಳು: ವಿಂಗಡಣೆ ಮತ್ತು ಜೋಡಣೆ

ಕನ್ನಡ ಸಂಶೋಧನೆಯ ಆಕರಗಳು ಇಂದು ಓಲೆಗರಿ ಹಾಗೂ ಕಾಗದಗಳಲ್ಲಷ್ಟೇ ಅಲ್ಲದೆ ಹಾರ್ಡ್ ಡಿಸ್ಕುಗಳಲ್ಲಿಯೂ ಸಂಗ್ರಹಗೊಂಡಿವೆ. ಹಸ್ತಪ್ರತಿಗಳ ಛಾಯಾಚಿತ್ರ, ಜನಪದ ಹಾಡುಗಳ ಧ್ವನಿಮುದ್ರಣ ಮುಂತಾದವು ಇದಕ್ಕೆ ನಿದರ್ಶನ. ಲಿನಕ್ಸ್‌ನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್ ಗಣಕಕ್ಕೆ ಜೋಡಿಸಿದಾಗ, ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಬರುವುದುಂಟು. ಅದಕ್ಕೆ ಸಮ್ಮತಿಸಿದರೆ ವರ್ಷಗಳ ಕ್ಷೇತ್ರಕಾರ್ಯವೇ ಕೈತಪ್ಪಬಹುದು. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಡಿಸ್ಕನ್ನು ಹಲವು ಸ್ವತಂತ್ರ ವಿಭಾಗಗಳಾಗಿ ವಿಂಗಡಿಸಬಹುದು. ಪ್ರತಿ ವಿಭಾಗದ ಆರಂಭ ಮತ್ತು ವ್ಯಾಪ್ತಿಯನ್ನು ವಿಭಾಗಪಟ್ಟಿಯು ದಾಖಲಿಸುತ್ತದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ 512 ಬೈಟ್‌ಗಳ ಮೊದಲ ಸೆಕ್ಟರಿನಲ್ಲಿರುತ್ತದೆ. ಅದರಲ್ಲಿ ತಲಾ 16 ಬೈಟ್‌ಗಳ 4 ನಮೂದುಗಳಿಗಷ್ಟೇ ಅವಕಾಶ. ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಸ್ಥಳವಿದ್ದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಪರಿವಿಡಿಯ ಹಾಳೆ ಹರಿದರೆ ಗ್ರಂಥ ನಾಶವಾಗದು. ವಿಭಾಗಪಟ್ಟಿ ಕೆಟ್ಟಾಗಲೂ ಸ್ಥಿತಿ ಇಂತಹುದೇ.

ವಿಭಾಗದೊಳಗೆ ಕಡತಗಳನ್ನು ಕ್ರಮವಾಗಿ ಇರಿಸುವ ವಿಧಾನವೇ ಕಡತ ವ್ಯವಸ್ಥೆ. ವಿಂಡೋಸ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅನ್ನೂ ಲಿನಕ್ಸ್ ಹೆಚ್ಚಾಗಿ ಇಎಕ್ಸ್‌ಟಿ4 ಅನ್ನೂ ಬಳಸುತ್ತವೆ. ಕನ್ನಡ ಲಿಪಿಯನ್ನು ಮಾತ್ರ ಬಲ್ಲವನು ತಿಗಳಾರಿ ಲಿಪಿಯ ಓಲೆಯನ್ನು ಓದಲಾರ. ಅಷ್ಟರಿಂದ ಓಲೆ ಬರಿದೆನಿಸದು. ಮೇಲೆ ಹೇಳಿದ ಸೂಚನೆಯ ಮೂಲ ಇಂತಹ ಅಪರಿಚಯದಲ್ಲಿದೆ.

ವಿಭಾಗವನ್ನು ಓದುವ ಸ್ಥಿತಿಗೆ ತರುವ ಕ್ರಿಯೆಗೆ ಮೌಂಟ್ ಎಂದು ಹೆಸರು. ವಿಂಡೋಸ್ ಪ್ರತಿ ವಿಭಾಗಕ್ಕೂ ಸಾಮಾನ್ಯವಾಗಿ ಒಂದು ಅಕ್ಷರವನ್ನು ನೀಡುತ್ತದೆ. ಲಿನಕ್ಸ್‌ನಲ್ಲಾದರೋ ಎಲ್ಲ ಕಡತಗಳೂ ಒಂದೇ ವೃಕ್ಷದಲ್ಲಿದ್ದು, ಹೊಸ ವಿಭಾಗವನ್ನು ಅದರ ಒಂದು ಫೋಲ್ಡರಿಗೆ ಜೋಡಿಸಲಾಗುತ್ತದೆ. ಆ ಫೋಲ್ಡರಿನಲ್ಲಿ ಮೊದಲೇ ಕಡತಗಳಿದ್ದರೆ ಅವು ಮರೆಯಾಗಿ, ಜೋಡಣೆಯನ್ನು ಬಿಡಿಸಿದೊಡನೆ ಮತ್ತೆ ಕಾಣುತ್ತವೆ. ಆದ್ದರಿಂದ ಬರಿದಾದ ಫೋಲ್ಡರನ್ನು ಬಳಸುವುದು ಲೇಸು. ಎಸ್‌ಡಿಬಿ1 ಎಂಬಂತಹ ಹೆಸರು ಎರಡನೆಯ ಡಿಸ್ಕಿನ ಮೊದಲ ವಿಭಾಗವನ್ನು ಸೂಚಿಸುತ್ತದೆ. ಗಣಕವನ್ನು ಮರಳಿ ಆರಂಭಿಸಿದಾಗ ಈ ಹೆಸರು ಬದಲಾಗಬಹುದು. ಶಾಶ್ವತ ಜೋಡಣೆಗೆ ವಿಭಾಗದ ಯುಯುಐಡಿ ಎಂಬ ಅನನ್ಯ ಗುರುತೇ ವಿಶ್ವಾಸಾರ್ಹ.

ಬರೆದ ಮಾಹಿತಿ ಕೆಲಕಾಲ ಸ್ಮೃತಿಕೋಶದಲ್ಲಿಯೇ ಉಳಿದಿರಬಹುದಾದ್ದರಿಂದ, ಜೋಡಣೆಯನ್ನು ಬಿಡಿಸಿದ ನಂತರವೇ ಡಿಸ್ಕನ್ನು ತೆಗೆಯಬೇಕು. ಅಪರಿಚಿತ ಡಿಸ್ಕನ್ನು ಮೊದಲು ಓದಲು ಮಾತ್ರ ಅವಕಾಶವಿರುವಂತೆ ಮೌಂಟ್ ಮಾಡಿ, ಕಡತಗಳನ್ನು ಬೇರೆಡೆ ಪ್ರತಿ ಮಾಡಿಕೊಳ್ಳುವುದು ಉಚಿತ. ಹಸ್ತಪ್ರತಿಯ ಮೂಲವನ್ನು ತಿದ್ದದೆ ಪ್ರತಿಯ ಮೇಲೆ ಕೆಲಸ ಮಾಡುವ ಗ್ರಂಥಸಂಪಾದನೆಯ ಶಿಸ್ತು ಇಲ್ಲಿಯೂ ಅನ್ವಯಿಸುತ್ತದೆ.