ಪರದೇಶವಾಸದ ಜಮಾ-ಖರ್ಚು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಭಾಷಾವಿಜ್ಞಾನದಲ್ಲಿ ಸಂಶೋಧನೆ ನಡೆಸಲು ಅಮೆರಿಕದ ಷಿಕಾಗೋ ನಗರದಲ್ಲಿ ಅವಳಿಗೆ ಅವಕಾಶ ದೊರೆತಿದೆ; ವಿದ್ಯಾರ್ಥಿವೇತನವೂ ಉಂಟು. ಇಲ್ಲಿ ಮನೆಯಲ್ಲಿ ತಾಯಿ ಒಬ್ಬರೇ. "ಹೋಗಲೋ ಬೇಡವೋ, ನೀವೇ ಹೇಳಿ ಸಾರ್" ಎಂದಳು. ತರಗತಿಯಲ್ಲಿ ಗಣವಿಭಾಗ ಮಾಡಿ ತೋರಿಸಿದಷ್ಟು ಸುಲಭವಾಗಿ ಈ ಪ್ರಶ್ನೆಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಅದೇ ಊರಿನ ಲೆಕ್ಕದ ಪುಸ್ತಕವೊಂದು ನಮ್ಮ ಮನೆಯಲ್ಲಿಯೂ ಇದೆ.

ಮೊದಲು ಜಮೆಯ ಪುಟವನ್ನೇ ನೋಡೋಣ. ದೇಶ ಸುತ್ತಬೇಕು, ಕೋಶ ಓದಬೇಕು ಎಂದವರು ನಮ್ಮ ಹಿರಿಯರೇ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಅಮೆರಿಕಕ್ಕೆ ತೆರಳಿ, 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಕುಳಿತೇ ಅವರು ವಚನಗಳನ್ನು ಇಂಗ್ಲಿಷಿಗೆ ತಂದರು. 1973ರಲ್ಲಿ ಅಚ್ಚಾದ ಆ ಪುಸ್ತಕದಿಂದ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಮಾತು ಕನ್ನಡವೇ ತಿಳಿಯದ ಎಷ್ಟೋ ಓದುಗರಿಗೆ ಕೇಳಿಸಿತು. ಹಾಗೆಂದು ಕನ್ನಡದಲ್ಲಿ ಬರೆಯುವುದನ್ನು ಅವರು ಬಿಡಲಿಲ್ಲ; 'ಹೊಕ್ಕುಳಲ್ಲಿ ಹೂವಿಲ್ಲ' ಸಂಕಲನ ಪ್ರಕಟವಾದುದು 1969ರಲ್ಲಿ, ಅವರು ಅಲ್ಲಿದ್ದಾಗಲೇ. ಅಲ್ಲಿಯ ಗ್ರಂಥಾಲಯದ ಕಥೆಯೂ ಸ್ವಾರಸ್ಯವಾದುದು. ಭಾರತಕ್ಕೆ ಮಾರಿದ ಗೋಧಿಗೆ ಬಂದ ರೂಪಾಯಿಗಳಲ್ಲಿ ಒಂದಂಶದಿಂದ ಅಮೆರಿಕ 1960ರ ದಶಕದಲ್ಲಿ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ವಿಶ್ವವಿದ್ಯಾಲಯಗಳಿಗೆ ಒಯ್ದಿತು. ನಮ್ಮಲ್ಲಿ ಹುಡುಕಿದರೂ ಸಿಗದ ಹಳೆಯ ಪುಸ್ತಕ ಅಲ್ಲಿಯ ಕಪಾಟಿನಲ್ಲಿ ಕಂಡರೆ ಆಶ್ಚರ್ಯವಿಲ್ಲ.

ದೂರ ಹೋದವನಿಗೆ ತನ್ನ ನೆಲ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ನಮ್ಮ ಆದಿಕವಿಯೇ ಸಾಕ್ಷಿ. ಪಂಪ ಆಶ್ರಯ ಪಡೆದಿದ್ದ ಅರಿಕೇಸರಿಯ ಆಸ್ಥಾನವಿದ್ದುದು ಇಂದಿನ ತೆಲಂಗಾಣದ ವೇಮುಲವಾಡದಲ್ಲಿ. ಅವನ ಅರ್ಜುನ ಬನವಾಸಿಯನ್ನು ಹಂಬಲಿಸುವ ಪದ್ಯಗಳು ಯಾವ ಕನ್ನಡಿಗನಿಗೆ ತಿಳಿಯದು? ಬನವಾಸಿಯಲ್ಲೇ ಕುಳಿತಿದ್ದರೆ ಆ ಹಂಬಲ ಅಷ್ಟು ತೀವ್ರವಾಗಿ ಮೂಡುತ್ತಿತ್ತೇ ಎಂದು ನಾನು ಪ್ರತಿವರ್ಷವೂ ತರಗತಿಯಲ್ಲಿ ಕೇಳುತ್ತೇನೆ.

ಇನ್ನು ಖರ್ಚು. ಮೂಳೆ ಕೊರೆಯುವ ಚಳಿ, ಹೊಸ ಊಟ, ಗುರುತಿನ ಮುಖವಿಲ್ಲದ ಬೀದಿ, ಇವನ್ನು ನಾನು ದೊಡ್ಡ ಖರ್ಚೆಂದು ಬರೆಯಲಾರೆ. ಎರಡು ವರ್ಷದಲ್ಲಿ ಎಲ್ಲವೂ ಒಗ್ಗಿಹೋಗುತ್ತವೆ. ಒಗ್ಗದಿರುವುದು ಗಡಿಯಾರ. ಚಳಿಗಾಲದಲ್ಲಿ ಆ ಊರು ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. 1999ರಲ್ಲಿ ನಮ್ಮಣ್ಣ ಅಲ್ಲಿಗೆ ಹೋದಂದಿನಿಂದ ನಮ್ಮ ತಂದೆಯವರು ರಾತ್ರಿ ಮಲಗುವ ಮುನ್ನ ಬೆರಳೆಣಿಸಿ, "ಈಗ ಅವನಿಗೆ ಬೆಳಗಿನ ಹತ್ತೂವರೆ" ಎನ್ನುತ್ತಿದ್ದರು. 2011ರ ಜನವರಿಯಲ್ಲಿ ಅವರು ತೀರಿಕೊಂಡರು. ಅಲ್ಲಿ ಹಿಮ ಬಿದ್ದು ವಿಮಾನ ತಡವಾಯಿತು. ಅಣ್ಣ ಬಂದು ಬಾಗಿಲಲ್ಲಿ ನಿಂತಾಗ ಮೂರನೆಯ ದಿನ. ಹಿರಿಯ ಮಗ ಇಡಬೇಕಾದ ಬೆಂಕಿಯನ್ನು ನಾನು ಇಟ್ಟಾಗಿತ್ತು. ಅವನು ತಂದೆಯವರ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, "ಕೊನೆಗೆ ಏನೆಂದರೋ?" ಎಂದು ಕೇಳಿದ. "ಅಲ್ಲಿ ಈಗ ಎಷ್ಟು ಗಂಟೆ ಎಂದರು" ಎಂದೆ. ಬೇರೇನನ್ನಾದರೂ ಹೇಳಬಹುದಿತ್ತೆಂದು ಈಗಲೂ ಅನ್ನಿಸುತ್ತದೆ.

ಬಹುಕಾಲ ನಾನು ಅವನ ಮೇಲೆ ಮುನಿಸಿಕೊಂಡಿದ್ದೆ. ಆದರೆ ನ್ಯಾಯವಾಗಿ ನೋಡಿದರೆ, ನನ್ನ ಎಂ.ಎ. ಓದಿಗೆ ಶುಲ್ಕ ತೆತ್ತವನು ಅವನೇ. ಪಂಪನನ್ನು ನಾನು ಓದಿದ್ದು ಷಿಕಾಗೋದಿಂದ ಬಂದ ಹಣದಲ್ಲಿ. ಹೋದವನಿಗೆ ಲಾಭ, ಉಳಿದವರಿಗೆ ನಷ್ಟ ಎಂದು ಗೆರೆ ಎಳೆಯಲು ಹೊರಟರೆ ಹೀಗೆ ಗೆರೆ ಅಳಿಸಿಹೋಗುತ್ತದೆ. ಇಷ್ಟು ಮಾತ್ರ ಹೇಳಬಲ್ಲೆ: ಈ ಖರ್ಚನ್ನು ಒಬ್ಬರೇ ಭರಿಸುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವಾಗಲೂ ಒಬ್ಬರೇ ಕೂರಬಾರದು. ನಮ್ಮ ಮನೆಯಲ್ಲಿ ಆಗಿದ್ದ ತಪ್ಪು ಅದು. ಅಣ್ಣ ಕೇಳಲಿಲ್ಲ; ತಂದೆಯವರು ಹೇಳಲಿಲ್ಲ.

ವಿದ್ಯಾರ್ಥಿನಿಗೆ ಇದನ್ನೇ ಹೇಳಿದೆ. "ನನ್ನನ್ನು ಕೇಳಿದ ಪ್ರಶ್ನೆಯನ್ನು ತಾಯಿಯವರನ್ನು ಕೇಳಿದ್ದೀಯಾ?" ಅವಳು ತಲೆ ತಗ್ಗಿಸಿದಳು. "ಕೇಳಿದರೆ ಹೋಗು ಅಂತಲೇ ಅನ್ನುತ್ತಾರೆ ಸಾರ್, ಅದಕ್ಕೇ ಭಯ" ಎಂದಳು.

"ಹಾಗಾದರೆ ಅವರ ಭಯವನ್ನೂ ಕೇಳು. ಕಾಯಿಲೆಯಾದರೆ ಯಾರು ನೋಡಿಕೊಳ್ಳಬೇಕು, ನೀನು ಯಾವಾಗ ಬರಬೇಕು, ಎಲ್ಲವನ್ನೂ ಬಾಯಿಬಿಟ್ಟು ಮಾತನಾಡಿ. ಆಮೇಲೆ ಹೊರಡು" ಎಂದೆ.

ಕಾಫಿ ಕುಡಿದು ಎದ್ದಳು. ಕನ್ನಡದ ಮನೆಗಳಲ್ಲಿ ಹೊರಡುವವರು ಬರಿದೆ 'ಹೋಗುತ್ತೇನೆ' ಎನ್ನುವುದಿಲ್ಲ. ಅವಳೂ ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟುತ್ತಾ, "ಹೋಗಿಬರುತ್ತೇನೆ ಸಾರ್" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.