ಅಳೆಯುವ ಸೇರೇ ಸುಳ್ಳಾದರೆ?

ನಾವು ರಸಾಯನದವರು. ದೂರದರ್ಶಕದ ವಿಷಯಕ್ಕೆ ಕೈಹಾಕಿದ್ದನ್ನು ಬಲ್ಲವರು ಮನ್ನಿಸಬೇಕು.

೧೯೯೦ರ ಏಪ್ರಿಲಿನಲ್ಲಿ ಹಬಲ್ ದೂರದರ್ಶಕವನ್ನು ಅಂತರಿಕ್ಷಕ್ಕೆ ಏರಿಸಿದರು. ಎರಡು ತಿಂಗಳೊಳಗೆ ಗುಟ್ಟು ರಟ್ಟಾಯಿತು: ಚಿತ್ರಗಳೆಲ್ಲ ಮಸುಕು. ೨.೪ ಮೀಟರ್ ಅಗಲದ ಕನ್ನಡಿ ಅಂಚಿನಲ್ಲಿ ಸುಮಾರು ೨.೨ ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಕನ್ನಡಿ ಉಜ್ಜಿದವರು ದಡ್ಡರಲ್ಲ. ತಪ್ಪು ಆಕಾರವನ್ನೇ ಬಹು ನಯವಾಗಿ ಉಜ್ಜಿದ್ದರು. ಸುಳ್ಳಾಗಿದ್ದದ್ದು ಅಳೆಯುವ ಸೇರು.

ಇಂಟರ್‌ಫೆರಾಮೀಟರು ಕನ್ನಡಿಯಿಂದ ಮರಳಿದ ಬೆಳಕನ್ನು ದೋಷವಿಲ್ಲದ ಇನ್ನೊಂದು ಅಲೆಯೊಡನೆ ಬೆರೆಸುತ್ತದೆ. ಎರಡೂ ಹೊಂದಿದರೆ ಪಟ್ಟೆಗಳು ನೇರ, ಇಲ್ಲವಾದರೆ ಸೊಟ್ಟ. ಚೆಂಡಿನ ಹೋಳಿನಂಥ ಮೈಗೆ ಇಷ್ಟು ಸಾಕು. ದೂರದರ್ಶಕದ ಕನ್ನಡಿ ಹಾಗಲ್ಲ. ಅಂಚಿನತ್ತ ಹೋದಂತೆ ಗೋಳದಿಂದ ದೂರ ಸರಿಯುತ್ತದೆ, ಪಟ್ಟೆಗಳು ಎಣಿಸಲಾಗದಷ್ಟು ಕಿಕ್ಕಿರಿಯುತ್ತವೆ. ಆದ್ದರಿಂದ ನಡುವೆ 'ನಲ್ ಕರೆಕ್ಟರ್' ಎಂಬ ಜೋಡಣೆಯನ್ನಿಟ್ಟು ಅಲೆಯನ್ನು ಆ ಮೈಗೆ ತಕ್ಕಂತೆ ಬಗ್ಗಿಸುತ್ತಾರೆ. ಹಬಲ್ ಕನ್ನಡಿಯನ್ನು ಅಳೆದ ಜೋಡಣೆಯಲ್ಲಿ ಒಂದು ಮಸೂರ ೧.೩ ಮಿಲಿಮೀಟರ್ ಜಾಗ ತಪ್ಪಿ ಕುಳಿತಿತ್ತು! ಬೇರೆರಡು ಪರೀಕ್ಷೆಗಳು ಆಗಲೇ ದೋಷ ತೋರಿಸಿದ್ದುವು. ಅವು ಅಷ್ಟು ನಿಖರವಲ್ಲವೆಂದು ಪಕ್ಕಕ್ಕೆ ತಳ್ಳಿಬಿಟ್ಟರು. ನಮಗೆ ಬೇಸರವಾಗುವುದು ಮಸೂರದ ತಪ್ಪಿಗಿಂತ ಈ ಉದಾಸೀನಕ್ಕೆ.

ಹಾಗಾದರೆ ಸೇರನ್ನು ಅಳೆಯುವುದು ಯಾವುದರಿಂದ? ಹೊಲೊಗ್ರಾಮಿನಿಂದ. ಸಾಮಾನ್ಯ ಹೊಲೊಗ್ರಾಮಿಗೆ ಎದುರಿಗೊಂದು ವಸ್ತು ಬೇಕು. ಇಲ್ಲಿ ವಸ್ತುವೇ ಇಲ್ಲ! ಸಮೀಕರಣದಲ್ಲಷ್ಟೇ ಇರುವ ನಿರ್ದೋಷ ಕನ್ನಡಿಯಿಂದ ಬೆಳಕು ಹೇಗೆ ಮರಳೀತೆಂದು ಕಂಪ್ಯೂಟರು ಲೆಕ್ಕಹಾಕುತ್ತದೆ. ಆ ಲೆಕ್ಕವನ್ನು ಗಾಜಿನ ತಟ್ಟೆಯ ಮೇಲೆ ಸೂಕ್ಷ್ಮ ಗೀರುಗಳಾಗಿ ಬರೆಯುತ್ತಾರೆ. ಇಂಥ ತಟ್ಟೆಗಳಿಂದ ಕನ್ನಡಿ ಮಸೂರಗಳನ್ನು ಪರೀಕ್ಷಿಸುವ ಬಗೆಯನ್ನು ಮ್ಯಾಕ್‌ಗವರ್ನ್ ಮತ್ತು ವೈಯಂಟ್ ೧೯೭೧ರಲ್ಲೇ ಪ್ರಕಟಿಸಿದ್ದರು. ಹಬಲ್ ಪ್ರಕರಣದ ಬಳಿಕ, ೧೯೯೩ರ ಸುಮಾರಿಗೆ, ಅರಿಜೋನಾ ವಿಶ್ವವಿದ್ಯಾಲಯದ ಜಿಮ್ ಬರ್ಜ್ ಅದನ್ನು ನಲ್ ಕರೆಕ್ಟರಿಗೇ ತಿರುಗಿಸಿದರು. ದೊಡ್ಡ ಕನ್ನಡಿಯ ಬದಲು ಕೈಯಲ್ಲಿ ಹಿಡಿಯಬಹುದಾದ ತಟ್ಟೆಯೊಂದನ್ನು ಕರೆಕ್ಟರಿನ ಮುಂದಿಟ್ಟರಾಯಿತು. ಅದು ನಿರ್ದೋಷ ಕನ್ನಡಿಯ ವೇಷ ಹಾಕುತ್ತದೆ. ಪಟ್ಟೆ ಸೊಟ್ಟಗಾದರೆ ಕರೆಕ್ಟರನ್ನು ಬಿಚ್ಚಿ ನೋಡಬೇಕು. ೬.೫ ಮೀಟರಿನ ಕನ್ನಡಿಗಳ ಕೆಲಸದಲ್ಲೂ ಈ ಉಪಾಯ ಒದಗಿತು.

ವೇಷಧಾರಿಯನ್ನು ನಂಬಬಹುದೆ? ನಮ್ಮ ಕಸುಬು ಇಣುಕುವುದು ಇಲ್ಲೇ. ಗಾಜಿನ ಮೇಲಿನ ಕ್ರೋಮಿಯಂ ಪೊರೆಯನ್ನು ಬೇಕಾದ ಕಡೆ ಮಾತ್ರ ಕರಗಿಸಿ ಗೀರು ಮೂಡಿಸಬೇಕು. ಗೀರು ತನ್ನ ನೆರೆಯ ಗೀರಿನ ಅಂತರದಲ್ಲಿ ನೂರರಲ್ಲೊಂದು ಪಾಲು ಸರಿದರೆ, ಅಲ್ಲಿಂದ ಹೊರಟ ಅಲೆಯೂ ತರಂಗದೂರದ ನೂರರಲ್ಲೊಂದು ಪಾಲು ತಪ್ಪುತ್ತದೆ. ಅದಕ್ಕೇ ತಟ್ಟೆ ಸಿದ್ಧವಾದ ಮೇಲೂ ಗೀರುಗಳು ಬಿದ್ದ ಜಾಗವನ್ನು ಮತ್ತೊಮ್ಮೆ ಅಳೆದು ನೋಡುತ್ತಾರೆ.